ಬುಟ್ಟಿಯಲ್ಲಿ ಯಾರ ಹೂವು?

ಆಗಸ್ಟ್ ತಿಂಗಳ ಕೊನೆಗೆ, ಮಳೆ ಆಗೊಮ್ಮೆ ಈಗೊಮ್ಮೆ ಹೊಳವಾಗುವ ಹೊತ್ತಿನಲ್ಲಿ, ಮಂಗಳೂರಿನ ಇಗರ್ಜಿಗಳಲ್ಲಿ ಮೊಂತಿ ಹಬ್ಬದ ನೊವೆನಾ ತೊಡಗುತ್ತದೆ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಜೋಕಿಂ ಮಿರಾಂದ ಪಾದ್ರಿಗಳು ಆರಂಭಿಸಿದರೆಂದು ಹೇಳುವ ಹಬ್ಬವಿದು. ಒಂಬತ್ತು ದಿನವೂ ಮಕ್ಕಳು ಬಾಲಮರಿಯಳಿಗೆ ಹೂ ತಂದು ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ತೆನೆಯ ಅನ್ನವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ನಾವು ಚಿಕ್ಕವರಾಗಿದ್ದಾಗ ಆ ಹೂಗಳನ್ನು ಬೇಲಿಯಿಂದ, ಗದ್ದೆಯ ಬದುವಿನಿಂದ, ನೆರೆಯವರ ಅಂಗಳದಿಂದ (ಕೇಳಿಯೂ ಕೇಳದೆಯೂ) ನಾವೇ ಕೊಯ್ದು ತರುತ್ತಿದ್ದೆವು. ಅವುಗಳಲ್ಲಿ ಅರ್ಧ ಬಾಡಿರುತ್ತಿದ್ದವು, ಕೆಲವಕ್ಕೆ ಹುಳ ಹಿಡಿದಿರುತ್ತಿತ್ತು. ಈಗ ಮಾರುಕಟ್ಟೆಯಿಂದ ತಂದ ಸೇವಂತಿಗೆಯನ್ನು ತಾಯಿಯು ಬುಟ್ಟಿಯಲ್ಲಿ ಅಂದವಾಗಿ ಜೋಡಿಸಿ, ಇಗರ್ಜಿಯ ಬಾಗಿಲಲ್ಲಿ ಮಗುವಿನ ಕೈಗೆ ಕೊಡುವುದನ್ನು ಹೆಚ್ಚಾಗಿ ಕಾಣುತ್ತೇನೆ. ಬುಟ್ಟಿಯೇನೋ ಸುಂದರವಾಗಿಯೇ ಇರುತ್ತದೆ. ಆದರೆ ಹೂ ಕೊಟ್ಟವರು ಯಾರು?

ಈ ಪ್ರಶ್ನೆಯನ್ನು ಇತರರಿಗೆ ಹಾಕುವ ಅಧಿಕಾರ ನನಗಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮಗ ಶಾಲೆಯ ಭಾಷಣಸ್ಪರ್ಧೆಗೆ ಹೆಸರು ಕೊಟ್ಟು ಬಂದಿದ್ದ. ‘ನಮ್ಮೂರಿನ ನದಿ’ ಎಂಬುದು ವಿಷಯ. ಮನೆಯಲ್ಲಿ ಕನ್ನಡ ಅಧ್ಯಾಪಕನೊಬ್ಬನಿರುವಾಗ ಹುಡುಗ ತಾನೇ ಬರೆಯುವುದೆಂದರೇನು? ಒಂದೇ ರಾತ್ರಿಯಲ್ಲಿ ಬರೆದು ಕೊಟ್ಟೆ. ಅನುಪ್ರಾಸ, ಉಪಮೆ ಯಾವುದಕ್ಕೂ ಕೊರತೆಯಿರಲಿಲ್ಲ. ವೇದಿಕೆಯ ಮೇಲೆ ಮೂರನೆಯ ವಾಕ್ಯಕ್ಕೆ ಅವನು ತಡವರಿಸಿ ನಿಂತುಬಿಟ್ಟ. ಮನೆಗೆ ಬರುವ ದಾರಿಯಲ್ಲಿ ಅವನು ಹೇಳಿದ್ದು ಇಷ್ಟೆ: “ಪಪ್ಪಾ, ನಾನು ನೇತ್ರಾವತಿಯಲ್ಲಿ ಮೀನು ಹಿಡಿದದ್ದನ್ನು ಹೇಳಬೇಕೆಂದಿದ್ದೆ.” ನಾನು ಸಹಾಯವೆಂದು ತಿಳಿದದ್ದು ಅವನ ಬಾಯಿಯಿಂದ ಮಾತನ್ನೇ ಕಸಿದುಕೊಂಡಿತ್ತು.

ಕ್ರೈಸ್ತ ತಂದೆತಾಯಂದಿರಾದ ನಾವು ವಿಧೇಯತೆಯ ಮಾತನ್ನು ಬಲು ಸುಲಭವಾಗಿ ಎತ್ತುತ್ತೇವೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನು ಮಕ್ಕಳಿಗೆ ಆ ಬುದ್ಧಿ ಹೇಳಿದ್ದು ನಿಜ. ಆದರೆ ಅದರ ಬೆನ್ನಿಗೇ ತಂದೆಗಳ ಕಡೆ ತಿರುಗಿ, ಮಕ್ಕಳನ್ನು ರೇಗಿಸದೆ ಬೆಳೆಸಿರೆಂದು ಎಚ್ಚರಿಸಿದ್ದನ್ನು ನಾವು ಅಷ್ಟು ಗಟ್ಟಿಯಾಗಿ ಓದುವುದಿಲ್ಲ. ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನಂತೂ ಎಷ್ಟು ಸಲ ಕೇಳಿದ್ದೇವೆ! ಅದರಲ್ಲಿ ಕಳೆದುಹೋದವು ಮೂರು: ಕುರಿ, ನಾಣ್ಯ, ಮಗ. ಕುರಿಯನ್ನು ಹುಡುಕಿಕೊಂಡು ಕುರುಬನು ಅಡವಿಗೆ ಹೋಗುತ್ತಾನೆ. ನಾಣ್ಯಕ್ಕಾಗಿ ಹೆಂಗಸು ದೀಪ ಹಚ್ಚಿ ಮನೆಯನ್ನೆಲ್ಲ ಗುಡಿಸುತ್ತಾಳೆ. ಮಗನನ್ನು ಹುಡುಕಿಕೊಂಡು ಮಾತ್ರ ಯಾರೂ ಹೋಗುವುದಿಲ್ಲ. ಅವನು ಪಾಲು ಕೇಳಿದಾಗ ತಂದೆ ಕೊಟ್ಟುಬಿಡುತ್ತಾನೆ. ಕುರಿಗೆ ದಾರಿ ತಿಳಿಯದು, ನಾಣ್ಯಕ್ಕೆ ಮನಸ್ಸಿಲ್ಲ. ಮಗನಿಗೆ ಎರಡೂ ಉಂಟು. ಆದುದರಿಂದಲೇ ತಂದೆ ಮನೆಯಲ್ಲಿ ಉಳಿದ ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ. ಉಳಿದನೇ ಹೊರತು ಮರೆತು ಕೂರಲಿಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ಅವನ ಕಣ್ಣಿಗೆ ಬಿದ್ದನೆಂದರೆ, ಆ ಕಣ್ಣು ಎಷ್ಟು ದಿನ ದಾರಿಯ ಮೇಲೆ ನೆಟ್ಟಿರಬೇಕು!

ಮಗು ಚಿಕ್ಕದಾಗಿರುವಾಗ ಕುರುಬನಾಗಬೇಕು, ಬೆಳೆದಾಗ ಈ ತಂದೆಯಾಗಬೇಕು. ಯಾವ ದಿನ ಕುರಿ ಮಗನಾಗುತ್ತದೆ ಎಂಬುದೇ ತೊಡಕು. ಮಾದಕದ್ರವ್ಯದ ಸುದ್ದಿಯನ್ನು ಓದುವಾಗಲೆಲ್ಲ ಕುರುಬನ ಕೋಲಿನ ಕಡೆಗೇ ನನ್ನ ಕೈಯೂ ಚಾಚುತ್ತದೆ. ಪ್ರಾಣಾಪಾಯವಿರುವಲ್ಲಿ ಅದು ತಪ್ಪೆಂದೂ ನಾನು ಹೇಳಲಾರೆ. ಆದರೆ ವಿಜ್ಞಾನವೋ ಕಲೆಯೋ ಎಂಬ ಪ್ರಶ್ನೆಯಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ. ಹತ್ತನೆಯ ತರಗತಿಯ ಫಲಿತಾಂಶ ಬಂದ ಕೂಡಲೆ ನಮ್ಮ ಕಾಲೇಜುಗಳ ಮುಂದೆ ಅರ್ಜಿ ತುಂಬುವವರು ತಂದೆಗಳು. ಪಕ್ಕದಲ್ಲಿ ಸುಮ್ಮನೆ ನಿಂತಿರುವವರು ಓದಬೇಕಾದವರು. ಆ ಮೌನ ಎರಡು ವರ್ಷ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತದೆ; ನಾನು ಅದನ್ನು ಬಲ್ಲೆ.

ಈ ಊರಿನ ಇತಿಹಾಸವೂ ನಮ್ಮನ್ನು ಸ್ವಲ್ಪ ನಾಚಿಸಬೇಕು. ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಅವರ ಗುರುಗಳು. ಊರಲ್ಲಿ ಕೋಲಾಹಲವೆದ್ದಿತು. ಶಿಷ್ಯರು ಮುಂದೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಗಳಾಗಿ ಮರಳಿದರು. ಗುರುವಿನ ಹೆರ್ಮನ್ ಎಂಬ ಹೆಸರನ್ನು ಸೇರಿಸಿಕೊಂಡರೂ ತಮ್ಮ ಕೌಂಡಿನ್ಯ ಎಂಬ ಹೆಸರನ್ನು ಬಿಡಲಿಲ್ಲ. ಅವರ ಧೈರ್ಯವನ್ನು ಕ್ರೈಸ್ತರು ಇಂದಿಗೂ ಕೊಂಡಾಡುತ್ತೇವೆ. ಮನೆಯವರ ಮಾತು ಮೀರಿ ತನ್ನ ಅಂತರಂಗದ ಮಾತಿಗೆ ನಡೆದ ತರುಣನೊಬ್ಬನನ್ನು ಹೀಗೆ ಹೊಗಳುವ ನಾವು, ನಮ್ಮ ಮನೆಯ ತರುಣನು ಅದರ ಕಾಲಂಶ ಸ್ವಾತಂತ್ರ್ಯ ಕೇಳಿದರೆ ಬಾಗಿಲಿಗೆ ಅಗುಳಿ ಹಾಕುತ್ತೇವೆ. ಆ ಮನೆಯವರ ಸಂಕಟವನ್ನು ನಾವು ನೆನೆದದ್ದಾದರೂ ಉಂಟೆ? ನೆನೆದಿದ್ದರೆ ಎಳೆಯರ ಮನಸ್ಸಿನ ಮೇಲೆ ಗುರುಗಳು ಪಡೆಯುವ ಹಿಡಿತದ ಕುರಿತೂ ಎಚ್ಚರವಾಗಿರುತ್ತಿದ್ದೆವು. ಅಧ್ಯಾಪಕನಾದ ನನಗೆ ಆ ಎಚ್ಚರ ಇತರರಿಗಿಂತ ಹೆಚ್ಚು ಬೇಕು.

ಕಥೊಲಿಕ ಮನೆಗಳಲ್ಲಿ ಒಬ್ಬ ಮಗನನ್ನು ದೇವರಿಗೆ ಕೊಡುವ ಆಸೆ ಹಳೆಯದು. 1879ರಲ್ಲಿ ಸ್ಥಾಪನೆಯಾದ ಜೆಪ್ಪುವಿನ ಸೆಮಿನರಿಗೆ ಮನಸಾರೆ ಹೋದವರು ಎಷ್ಟೋ ಮಂದಿ. ತಾಯಿಯ ಕಣ್ಣೀರಿಗೆ ಹೆದರಿ ಹೋದವರು ಒಬ್ಬರೂ ಇಲ್ಲವೆಂದು ಯಾರು ಹೇಳಬಲ್ಲರು? 1983ರ ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ನಮಗಿಂತ ನಿಷ್ಠುರವಾಗಿದೆ: ಯಾರನ್ನೂ ಯಾವ ಕಾರಣಕ್ಕೂ ಬಲವಂತದಿಂದ ಯಾಜಕದೀಕ್ಷೆಗೆ ದೂಡಬಾರದೆನ್ನುತ್ತದೆ. ದೇವರ ಸೇವೆಗೇ ಸಲ್ಲದ ಬಲವಂತ ಇಂಜಿನಿಯರಿಂಗಿಗೆ ಹೇಗೆ ಸಲ್ಲುತ್ತದೆಯೋ ನಾನರಿಯೆ.

ಸಂಜೆಯ ತೇರ್ಸ್ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಚಿಕ್ಕವರು ಹಿರಿಯರ ಮುಂದೆ ಬಂದು ಬೆಸಾಂವ್ ಬೇಡುವ ಪದ್ಧತಿಯುಂಟು. ಬೇಡಿದ ಮೇಲೆ ಹಿರಿಯರು ಹರಸುತ್ತಾರೆ. ಹರಕೆ ಹಿಡಿದುಕೊಂಡು ಮಕ್ಕಳ ಹಿಂದೆ ಓಡಿದ ಅಜ್ಜಿಯನ್ನು ನಾನು ಕಂಡಿಲ್ಲ. ನನ್ನ ಅಜ್ಜಿ ಜಪಸರವನ್ನು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ನಾವು ಆಡಿ ತಡವಾಗಿ ಬಂದರೂ ಅಲ್ಲೇ ಇರುತ್ತಿದ್ದರು.

ಮರುವರ್ಷ ಮಗ ಮತ್ತೆ ಸ್ಪರ್ಧೆಗೆ ಹೆಸರು ಕೊಟ್ಟ. ಈ ಸಲ ತಾನೇ ಬರೆದ. ‘ಅಳಿವೆ’ ಎಂಬ ಪದದ ಅರ್ಥವನ್ನು ಮಾತ್ರ ನನ್ನಲ್ಲಿ ಕೇಳಿದ. ನಾನು ಅದನ್ನಷ್ಟೇ ಹೇಳಿ, ನಾಲಗೆಯನ್ನು ಬಹಳ ಕಷ್ಟದಿಂದ ಬಿಗಿಹಿಡಿದೆ. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವಾಗ ಎರಡು ಕಡೆ ಮಹಾಪ್ರಾಣ ತಪ್ಪಿತು, ಒಂದು ಕಡೆ ವಿಭಕ್ತಿ. ಬಹುಮಾನ ಬೇರೊಬ್ಬ ಹುಡುಗಿಗೆ ಹೋಯಿತು. ಬಸ್ಸಿನಲ್ಲಿ ಅವನು ಉಳ್ಳಾಲದ ಸೇತುವೆಯವರೆಗೂ ಮಾತಾಡುತ್ತಲೇ ಇದ್ದ.