ಊದುಗೊಳವೆಯ ಕಾರು

ಮನೆಯಲ್ಲಿ ಕಾರಿನ ಮಾತು ಬಂತೆಂದರೆ ಕಾಫಿಯ ನೆಪದಲ್ಲಿ ಒಳಗೆ ಹೋಗಿಬಿಡುವ ಸೋದರಿಯರೇ, ಈ ಸಲ ಸ್ವಲ್ಪ ಕೂತುಕೊಳ್ಳಿ. ಆ ಕಾರಿನಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಹೋಗುವವರು ನೀವೇ ಅಲ್ಲವೇ?

ನಮ್ಮ ಮಾಣಿಯನ್ನೇ ನೋಡಿ. ಮಂಗಳೂರಿನಿಂದ ಬಂದ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಉಪ್ಪಿನಂಗಡಿ ದಾಟಿ ಶಿರಾಡಿ ಘಾಟಿಗೆ, ಇನ್ನೊಂದು ಪುತ್ತೂರು, ಸುಳ್ಯದ ಮೇಲಿಂದ ಮಡಿಕೇರಿಗೆ. ಯಾವ ದಾರಿ ಹಿಡಿದರೂ ಏರು ತಪ್ಪಿದ್ದಲ್ಲ. ಹಾಗಾಗಿ ಕಾರು ಕೊಳ್ಳುವಾಗ ‘ಗಟ್ಟಿ ಯಾವುದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅಮೆರಿಕದಲ್ಲಿ 1960ರ ದಶಕದಲ್ಲಿ ‘ಮಸಲ್ ಕಾರು’ಗಳು ಮೆರೆದವು. 1964ರ ಪಾಂಟಿಯಾಕ್ ಜಿಟಿಓ ಎಂಜಿನ್ನು 6 ಲೀಟರಿಗೂ ದೊಡ್ಡದು. ನಮ್ಮಲ್ಲಿ ಆ ಠೀವಿ ಇದ್ದದ್ದು ಹಿಂದುಸ್ತಾನ್ ಮೋಟರ್ಸ್ 1984ರಲ್ಲಿ ತಂದ ಕಾಂಟೆಸ್ಸಾಕ್ಕೆ. ಆದರೆ ಒಂದು ಗುಟ್ಟು ಕೇಳಿ. ಮೊದಮೊದಲು ಅದರೊಳಗೆ ಇದ್ದದ್ದು ಅಂಬಾಸಿಡರಿನದೇ 1,489 ಸಿ.ಸಿ. ಎಂಜಿನ್ನು, ಸುಮಾರು 50 ಅಶ್ವಶಕ್ತಿ. ಆನೆಯ ಮೈಗೆ ಆಡಿನ ಉಸಿರು! ಆಮೇಲೆ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ನು ಬಂದು ಅದು 88ರ ಆಸುಪಾಸಿಗೆ ಏರಿತು. 2002ರಲ್ಲಿ ತಯಾರಿಕೆಯೇ ನಿಂತಿತು.

ಈಗಿನ ಟಾಟಾ ನೆಕ್ಸಾನಿನ ಟರ್ಬೊ ಪೆಟ್ರೋಲ್ ಎಂಜಿನ್ನು ಬರೀ 1.2 ಲೀಟರ್. ಶಕ್ತಿ ಮಾತ್ರ 120ರ ಹತ್ತಿರ! ಹೇಗೆಂದು ನಿಮಗೆ ಹೇಳಿಕೊಡಬೇಕಿಲ್ಲ. ಸೌದೆ ಒಲೆ ಮಂಕಾದರೆ ಊದುಗೊಳವೆ ಹಿಡಿಯುತ್ತೇವಲ್ಲ, ಟರ್ಬೊ ಅಂದರೆ ಅದೇ. ಎಂಜಿನ್ನು ಹೊರಹಾಕುವ ಹೊಗೆಯೇ ಪುಟ್ಟ ಚಕ್ರವೊಂದನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ. ಮಡಿಕೇರಿಯ ಎತ್ತರದಲ್ಲಿ ಗಾಳಿ ತೆಳುವಾಗಿ ಹಳೆ ಎಂಜಿನ್ನು ಏದುಸಿರು ಬಿಟ್ಟರೂ ಇದು ಅಷ್ಟಾಗಿ ಬಳಲುವುದಿಲ್ಲ.

ಹಳೆಯದಕ್ಕೂ ಗುಣವಿದೆ ಅನ್ನಿ. ಕೂರಲು ವಿಶಾಲ ಜಾಗ. ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಸರಿಮಾಡಿಯಾನು. ಟರ್ಬೊ ಕೆಟ್ಟರೆ ಕಿಸೆಗೆ ದೊಡ್ಡ ಕತ್ತರಿ.

ಆದರೆ “ಹಳೆ ಕಾರಿನ ತಗಡು ದಪ್ಪ, ಗುದ್ದಿದರೂ ಏನೂ ಆಗದು” ಎಂಬ ಮಾತನ್ನು ಮಾತ್ರ ನಂಬಬೇಡಿ. ಗಾಜಿನ ಬಳೆಗಳನ್ನು ಹಿತ್ತಾಳೆ ಡಬ್ಬಿಗೆ ಹಾಕಿ ಕೆಳಗೆ ಬೀಳಿಸಿದರೆ ಡಬ್ಬಿ ಗಟ್ಟಿ, ಬಳೆ ಚೂರುಚೂರು! ಈಗಿನ ಕಾರಿನ ಮೂತಿ ನಜ್ಜುಗುಜ್ಜಾಗುವುದು ದೌರ್ಬಲ್ಯವಲ್ಲ. ಪೆಟ್ಟನ್ನು ತಾನು ನುಂಗಿ ಒಳಗಿನವರನ್ನು ಉಳಿಸಲೆಂದೇ ಹಾಗೆ ಮಾಡಿರುತ್ತಾರೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ನೆಕ್ಸಾನ್ ಐದು ನಕ್ಷತ್ರ ಗಳಿಸಿತು.

ಈ ನಾಲ್ಕು ಮಾತು ನೆನಪಿರಲಿ:

* ಟರ್ಬೊ ಕಾರು ಘಾಟಿ ಹತ್ತಿ ನಿಂತ ಕೂಡಲೇ ಎಂಜಿನ್ನು ಆರಿಸಬೇಡಿ. ಒಂದು ನಿಮಿಷ ಹಾಗೇ ಓಡಲಿ, ಚಕ್ರ ತಣಿಯಲಿ.

* ಎಂಜಿನ್ ಆಯಿಲ್ ಬದಲಿಸುವ ದಿನ ತಪ್ಪಿಸಬೇಡಿ. ಆ ಚಕ್ರದ ಜೀವ ಇರುವುದೇ ಎಣ್ಣೆಯಲ್ಲಿ.

* ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಆವಿ ಇಳಿಯದ ಕುಕ್ಕರನ್ನು ತೆರೆದಷ್ಟೇ ಅಪಾಯ.

* ಹಿಂದಿನ ಸೀಟಿನಲ್ಲೂ ಬೆಲ್ಟ್ ಕಡ್ಡಾಯ. ಮಗುವನ್ನು ಮಡಿಲಲ್ಲಿ ಹಿಡಿದರೆ ಸಾಕೆಂದುಕೊಳ್ಳಬೇಡಿ. ಗುದ್ದಿದ ರಭಸಕ್ಕೆ ಯಾವ ತಾಯಿಯ ಕೈಯೂ ನಿಲ್ಲದು. ಅದಕ್ಕೆಂದೇ ಇರುವ ಪುಟ್ಟ ಸೀಟನ್ನು ಹಿಂದೆ ಕಟ್ಟಿಸಿ.

ಅಶ್ವಶಕ್ತಿಯ ಲೆಕ್ಕವನ್ನು ಮನೆಯ ಗಂಡಸರು ಕೇಳಿಯೇ ಕೇಳುತ್ತಾರೆ. ನಕ್ಷತ್ರ ಎಷ್ಟು, ಏರ್‌ಬ್ಯಾಗ್ ಎಷ್ಟು ಎಂದು ಕೇಳುವ ಕೆಲಸ ನಿಮ್ಮದಾಗಲಿ. ಉತ್ತರ ಸಿಗುವವರೆಗೆ ಮುಂಗಡ ಕೊಡಲು ಬಿಡಬೇಡಿ!