ಸೂತ್ರವೂ ಮಣಿಯೂ

ನೆನಪಿಗೆ ನೆರವಾಗುವ ಉಪಾಯಗಳಿಗೆ ಇಂಗ್ಲಿಷಿನಲ್ಲಿ ‘ನೆಮಾನಿಕ್’ ಎಂಬ ಹೆಸರುಂಟು. ಅದು ಗ್ರೀಕ್ ಭಾಷೆಯಿಂದ ಬಂದುದು. ನೆನಪಿಗೆ ಸಂಬಂಧಿಸಿದ್ದು ಎಂದು ಅದರ ಮೂಲಾರ್ಥ. ಬರೆಯುವಾಗ ಅದರ ಮೊದಲಲ್ಲಿ ‘ಎಂ’ ಅಕ್ಷರವಿದ್ದರೂ ಉಚ್ಚಾರದಲ್ಲಿ ಕೇಳಿಸದು. ಆದುದರಿಂದ ನೆನಪಿನ ಪದವನ್ನೇ ನೆನಪಿಡುವುದು ಮಕ್ಕಳಿಗೆ ಕಷ್ಟವಾಗುವುದು ವಿನೋದವೇ ಸರಿ. ನಮ್ಮ ನುಡಿಯಲ್ಲಿ ಇಂಥವನ್ನು ‘ಸೂತ್ರ’ವೆನ್ನುವೆವು. ಸೂತ್ರವೆಂದರೆ ದಾರ. ಈ ಹೆಸರೇ ಹೆಚ್ಚು ಬೋಧಪ್ರದವೆಂದು ನಮ್ಮ ಅಭಿಪ್ರಾಯ. ಏಕೆಂದರೆ ದಾರವು ಮಣಿಗಳನ್ನು ಹಿಡಿದಿಡುವುದೇ ಹೊರತು ತಾನೇ ಮಣಿಯಾಗದು.

‘ಯಮಾತಾರಾಜಭಾನಸಲಗಂ’ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಇದರ 10 ಅಕ್ಷರಗಳಲ್ಲಿ 8 ಗಣಗಳೂ ಅಡಗಿವೆ. ಬೇಕಾದ ಗಣದ ಅಕ್ಷರವನ್ನೂ ಅದರ ಮುಂದಿನ ಎರಡನ್ನೂ ತೆಗೆದುಕೊಂಡರೆ ಲಘುಗುರುಗಳು ತಾವಾಗಿಯೇ ತೋರುವುವು. ‘ಯಮಾತಾ’ ಎಂದರೆ ಲಘು, ಗುರು, ಗುರು, ಅದೇ ಯಗಣ.

ಹಿಂದೊಮ್ಮೆ ಪರೀಕ್ಷೆಯಲ್ಲಿ ಓರ್ವ ಬಾಲಕಿಯು ಇದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. “‘ಭಾರತ’ ಎಂಬುದು ಯಾವ ಗಣವಮ್ಮಾ?” ಎಂದು ಕೇಳಲು, ಸುಮ್ಮನೆ ನಿಂತಳು. ಅವಳ ಪಕ್ಕದವಳಿಗೆ ಸೂತ್ರವು ‘ಭಾನಸ’ದ ಬಳಿಯೇ ಕಡಿದುಹೋಯಿತು, ಆದರೂ ಆ ಮಗುವು ಬೆರಳಿನಿಂದ ಮಾತ್ರೆಗಳನ್ನೆಣಿಸಿ, “ಒಂದು ಗುರು, ಎರಡು ಲಘು, ಭಗಣ, ಅಮ್ಮಾ” ಎಂದಿತು. ನಾವು ಹೆಚ್ಚು ಅಂಕಗಳನ್ನು ಕೊಟ್ಟುದು ಮೊದಲನೆಯವಳಿಗೆ! ಆ ತಪ್ಪು ನಮ್ಮದೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಹಾಗೆಂದು, ಬಾಯಿಪಾಠವೇ ಬೇಡವೆನ್ನುವವರ ಪಕ್ಷವೂ ನಮ್ಮದಲ್ಲ. ಮುಷ್ಟಿಯ ಗೆಣ್ಣುಗಳ ಮೇಲೆ ತಿಂಗಳುಗಳನ್ನೆಣಿಸುತ್ತ, ಉಬ್ಬಿಗೆ 31 ದಿನ, ಫೆಬ್ರವರಿಯೊಂದನ್ನು ಬಿಟ್ಟು ತಗ್ಗಿಗೆ 30 ದಿನ ಎಂದು ಕಲಿತವಳಿಗೆ ಮುಪ್ಪಿನಲ್ಲಿಯೂ ಆ ಲೆಕ್ಕವು ಕೈಬಿಡದು. ಆದರೆ ಉಪಾಯವು ಯಾವುದಕ್ಕಾಗಿ ಎಂಬುದು ತಿಳಿದಿರಬೇಕು. ತಾಯಂದಿರು ಮರೆಯಬಾರದೆಂದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವರಷ್ಟೆ. ಏಕೆ ಹಾಕಿದೆನೆಂಬುದೇ ಮರೆತರೆ ಗಂಟು ಉಳಿದು ಫಲವೇನು?

ಆದಕಾರಣ ತಾಯಿತಂದೆಗಳಲ್ಲಿ ನಮ್ಮ ಅರಿಕೆಯಿಷ್ಟೆ: ಮಗಳು ಮನೆಯಲ್ಲಿ ಸೂತ್ರವನ್ನೊಪ್ಪಿಸಿದಾಗ ‘ಭೇಷ್’ ಎಂದು ಅಲ್ಲಿಗೇ ನಿಲ್ಲಿಸಬೇಡಿರಿ. “ಇದರಿಂದ ಒಂದು ಪದವನ್ನು ಬಿಡಿಸಿ ತೋರಿಸು, ತಾಯೀ” ಎನ್ನಿರಿ. ಅವಳು ತಡವರಿಸಿದರೆ ಗದರಿಸದೆ, ಬೆರಳೆಣಿಸುವಷ್ಟು ಹೊತ್ತು ಕಾದಿರಿ. ಶಾಲೆಯಲ್ಲಿ ನಾವೂ ಹಾಗೆಯೇ ಕಾಯುವೆವು; ಅಂಕಗಳನ್ನೂ ಅದನ್ನು ನೋಡಿಯೇ ಕೊಡುವೆವು.