ಕಾಡಿನ ಬಾಗಿಲಲ್ಲಿ ಸಾಕುನಾಯಿ

ಮಳೆಗಾಲ ಮುಗಿದು ಘಟ್ಟದ ಹಾದಿಗಳು ತೆರೆದುಕೊಂಡೊಡನೆ ಉಡುಪಿ, ಮಣಿಪಾಲಗಳಿಂದ ಹೊರಟ ವಾಹನಗಳು ಕಾರ್ಕಳ, ಬಜಗೋಳಿ, ಮಾಳದ ದಾರಿಯಾಗಿ ಕುದುರೆಮುಖದತ್ತಲೂ ಹೆಬ್ರಿ, ಸೋಮೇಶ್ವರದ ದಾರಿಯಾಗಿ ಆಗುಂಬೆಯತ್ತಲೂ ಏರತೊಡಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಈ ವಾಹನಗಳ ಕಿಟಕಿಯಿಂದ ಸಾಕುನಾಯಿಯ ಮುಖವೂ ಹೊರಗಿಣುಕುವುದು ಸಾಮಾನ್ಯ ನೋಟವಾಗಿದೆ. ನಾಯಿ ಮನೆಮಂದಿಯಲ್ಲೊಂದು, ಮನೆಮಂದಿಯೆಲ್ಲ ಹೊರಟಾಗ ಅದನ್ನೊಂದನ್ನೇ ಬಿಟ್ಟು ಹೋಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಪ್ರೀತಿಯಿಂದ ಹುಟ್ಟಿದ್ದು, ಆದ್ದರಿಂದ ಗದರಿಕೆಯ ಉತ್ತರ ಸಲ್ಲದು. ಆದರೆ ಉತ್ತರ ಸ್ಪಷ್ಟವಾಗಿರಬೇಕು: ರಾಷ್ಟ್ರೀಯ ಉದ್ಯಾನವೂ ಸಂರಕ್ಷಿತ ಸ್ಮಾರಕವೂ ಸಾಕುನಾಯಿಯ ವಿಹಾರಸ್ಥಾನಗಳಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ. ಕಾಡಂಚಿನ ಹಳ್ಳಿಯ ನಾಯಿಗಳಿಗೆ ಲಸಿಕೆ ಹಾಕಿಸದೆ, ಪ್ರವಾಸಿಯ ನಾಯಿಯನ್ನು ಮಾತ್ರ ಗೇಟಿನಲ್ಲಿ ತಡೆದರೆ ಕಾಡು ಉಳಿಯುವುದಿಲ್ಲ. ಈ ಎರಡೂ ಮಾತುಗಳನ್ನು ಒಟ್ಟಿಗೆ ಆಡುವುದು ಇಲ್ಲಿನ ಉದ್ದೇಶ.

ನಾಯಿಯನ್ನು ಕಡೆಗಣಿಸಿದ ನಾಡು ನಮ್ಮದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ಶಾಸನವನ್ನು ವಿದ್ಯಾರ್ಥಿಗಳು ನೆನಪಿಸಿಕೊಳ್ಳಬೇಕು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು ಅರಸನಿಂದ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಬೇಟೆಯಲ್ಲಿ ದೊಡ್ಡದೊಂದು ಹಂದಿಯ ಮೇಲೆರಗಿತು. ಎರಡೂ ಒಂದನ್ನೊಂದು ಕೊಂದು ಮಡಿದವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟುಕೊಟ್ಟರು. ಆ ಕಲ್ಲು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಸಂದ ಗೌರವಕ್ಕೆ ಅದು ಸಾಕ್ಷಿ. ಜೊತೆಗೆ, ಕಾಡಿನಲ್ಲಿ ನಾಯಿಯ ಹುಟ್ಟುಗುಣ ಯಾವುದೆಂಬುದಕ್ಕೂ ಅದೇ ಸಾಕ್ಷಿ. ಅಂಗಳದಲ್ಲಿ ಕಾವಲುಗಾರನಾದ ಪ್ರಾಣಿ ಕಾಡಿನಲ್ಲಿ ಬೇಟೆಗಾರ. ಸೋಫಾದ ಮೇಲೆ ಮಲಗಿ ಬೆಳೆದ ನಾಯಿಯ ಮೂಗಿಗೂ ಬರಿಂಕದ ವಾಸನೆ ಸಿಕ್ಕರೆ ಆ ಗುಣ ಎಚ್ಚರಗೊಳ್ಳುತ್ತದೆ.

ಕಾಡಿಗೆ ಆಗುವ ಕೇಡು

"ನಮ್ಮ ನಾಯಿ ಸಾಧು, ಸರಪಳಿ ಹಿಡಿದೇ ನಡೆಸುತ್ತೇವೆ" ಎಂಬ ಸಮಾಧಾನ ಸಾಮಾನ್ಯವಾಗಿ ಕೇಳಿಬರುತ್ತದೆ. ಆಸ್ಟ್ರೇಲಿಯದ ಸಿಡ್ನಿ ನಗರದ ಹೊರವಲಯದ ಕಾಡುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಹಗ್ಗ ಹಿಡಿದು ನಾಯಿಯನ್ನು ನಡೆಸಿದ ಹಾದಿಗಳಲ್ಲಿ ಹಕ್ಕಿಗಳ ಪ್ರಭೇದಗಳು ಶೇಕಡಾ 35ರಷ್ಟು, ಹಕ್ಕಿಗಳ ಸಂಖ್ಯೆ ಶೇಕಡಾ 41ರಷ್ಟು ಕಡಿಮೆಯಾದವು. ಮನುಷ್ಯರು ಮಾತ್ರ ನಡೆದಾಗ ಆದ ಇಳಿಕೆ ಇದರ ಅರ್ಧದಷ್ಟು. ಆ ನಾಯಿಗಳು ಯಾವ ಹಕ್ಕಿಯನ್ನೂ ಅಟ್ಟಲಿಲ್ಲ; ಅವು ಅಲ್ಲಿದ್ದುದೇ ಸಾಕಾಯಿತು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಒಮ್ಮೆ ಹೆದರಿ ಎದ್ದರೆ ಮೊಟ್ಟೆ ಆರುತ್ತದೆ. ಮರಿಯೊಡನಿರುವ ಕಾಡುಕುರಿ ಮೇವು ಬಿಟ್ಟು ಓಡುತ್ತದೆ. ನಾಯಿ ದಾರಿಯುದ್ದಕ್ಕೂ ಬಿಟ್ಟುಹೋದ ಮೂತ್ರದ ವಾಸನೆ, ಅದು ಮನೆಗೆ ಮರಳಿದ ಮೇಲೂ ಅಲ್ಲಿ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ರೋಗದ್ದು. ಡಿಸ್ಟೆಂಪರ್ ನಾಯಿಗಳಲ್ಲಿ ಹಳೆಯ ವೈರಸ್ ರೋಗ. ಜ್ವರ, ಕಣ್ಣು ಮೂಗುಗಳಿಂದ ಸೋರಿಕೆ, ಭೇದಿ, ಕೊನೆಗೆ ಸೆಳವು ಇದರ ಲಕ್ಷಣಗಳು. ಇದು ನಾಯಿಯ ಜಾತಿಗಷ್ಟೇ ಸೀಮಿತವಲ್ಲ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸಿಂಹಗಳ ಸುಮಾರು ಮೂರನೆಯ ಒಂದು ಭಾಗವನ್ನು ಈ ರೋಗ ಅಳಿಸಿತು. ಸೋಂಕಿನ ಮೂಲಕ್ಕಾಗಿ ವಿಜ್ಞಾನಿಗಳು ನೋಡಿದ್ದು ಸುತ್ತಲ ಹಳ್ಳಿಗಳ ನಾಯಿಗಳತ್ತ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಕಂಡುಬಂದದ್ದೂ ಇದೇ ವೈರಸ್. ನಮ್ಮ ಘಟ್ಟದಲ್ಲಿ ಸಿಂಹಗಳಿಲ್ಲ. ಆದರೆ ಹುಲಿ, ಚಿರತೆ, ಪುನುಗು ಬೆಕ್ಕುಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿಯ ಹತ್ತಿರದ ಬಂಧುವಾದ ಸೀಳುನಾಯಿ ಇದೆ. ಅದು ಜಗತ್ತಿನಾದ್ಯಂತ ಅಳಿವಿನಂಚಿನಲ್ಲಿರುವ ಪ್ರಾಣಿ. ಗುಂಪಾಗಿ ಬಾಳುವ ಅದಕ್ಕೆ ಸೋಂಕು ತಗುಲಿದರೆ ಹರಡಲು ತಡವಾಗದು. ಪಾರ್ವೊ ವೈರಸ್ಸಂತೂ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಿರಬಲ್ಲದು.

ಕೇಡು ಇತ್ತಲೂ ಇದೆ. ಕಾಡು ಸುತ್ತಿ ಬಂದ ನಾಯಿ ಮೈತುಂಬ ಉಣುಗು ಹೊತ್ತು ಬರುತ್ತದೆ. ಉಣುಗಿನಿಂದ ಬರುವ ಜ್ವರ ನಾಯಿಯ ಪ್ರಾಣ ತೆಗೆಯಬಲ್ಲದು. ಚಿರತೆಗೆ ನಾಯಿ ಪ್ರಿಯವಾದ ಆಹಾರವೆಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

ಕಾಯಿದೆ ಏನೆನ್ನುತ್ತದೆ

ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ; ವಿಸ್ತಾರ ಸುಮಾರು 600 ಚದರ ಕಿ.ಮೀ. ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳು 1974ರವು. ಇವೆಲ್ಲಕ್ಕೂ ಅನ್ವಯಿಸುವ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಕಲಮು ಪ್ರವೇಶವನ್ನು ನಿರ್ಬಂಧಿಸುತ್ತದೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೂ ಒಳಗೆ ಆಸ್ತಿಯ ಹಕ್ಕುಳ್ಳವರಿಗೂ ವಿನಾಯಿತಿ ಇದೆ. ಉಳಿದವರು ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಉದ್ದೇಶಗಳಿಗೆ ಅನುಮತಿ ಪಡೆದೇ ಹೋಗಬೇಕು. ವನ್ಯಪ್ರಾಣಿಯನ್ನು ಕೆಣಕುವುದನ್ನು ಕಾಯಿದೆ ನಿಷೇಧಿಸುತ್ತದೆ. ಬೇಟೆ ಎಂಬ ಪದದ ವ್ಯಾಖ್ಯೆಯಲ್ಲಿ ಪ್ರಾಣಿಯನ್ನು ಅಟ್ಟುವುದೂ ಸೇರಿದೆ. ಮಾಳದ ರಸ್ತೆಯಲ್ಲಿ ನಾಯಿಯೊಡನೆ ಕಾರಿನಲ್ಲಿ ಸಾಗಿಹೋಗುವುದು ಬೇರೆ, ತಿರುವಿನಲ್ಲಿ ಕಾರು ನಿಲ್ಲಿಸಿ ನಾಯಿಯನ್ನು ಹುಲ್ಲುಗಾವಲಿಗೆ ಬಿಡುವುದು ಬೇರೆ. ಬಂಡೀಪುರ, ನಾಗರಹೊಳೆಗಳ ಸಫಾರಿಗೂ ಸಾಕುಪ್ರಾಣಿಯನ್ನು ಒಯ್ಯುವಂತಿಲ್ಲ.

ಇದು ನಮ್ಮ ದೇಶದ ಕಟ್ಟುನಿಟ್ಟು ಮಾತ್ರವಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಎಲ್ಲೋಸ್ಟೋನ್ ನೋಡಲು ಹೋದರೆ, ನಾಯಿಯನ್ನು ಆರು ಅಡಿಗಿಂತ ಉದ್ದವಿಲ್ಲದ ಹಗ್ಗದಲ್ಲಿ, ರಸ್ತೆ ಮತ್ತು ವಾಹನ ನಿಲ್ದಾಣಗಳಿಂದ ನೂರು ಅಡಿಯೊಳಗೇ ಇರಿಸಿಕೊಳ್ಳಬೇಕು. ಚಾರಣದ ಹಾದಿಗೆ ಅದು ಕಾಲಿಡುವಂತಿಲ್ಲ. ನಾಯಿಯನ್ನು ಮನೆಮಗುವಿನಂತೆ ಕಾಣುವ ಆ ಸಮಾಜ ಈ ನಿಯಮವನ್ನು ಅವಮಾನವೆಂದು ಭಾವಿಸಿಲ್ಲ.

ಸ್ಮಾರಕಗಳ ವಿಷಯವೂ ಹೀಗೆಯೇ. 1432ರಲ್ಲಿ ಪ್ರತಿಷ್ಠಾಪನೆಗೊಂಡ, 42 ಅಡಿ ಎತ್ತರದ ಕಾರ್ಕಳದ ಗೊಮ್ಮಟಮೂರ್ತಿಯೂ ಅದರೆದುರಿನ ದಿಣ್ಣೆಯ ಮೇಲಿನ, 1586ರ ಚತುರ್ಮುಖ ಬಸದಿಯೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಸಂರಕ್ಷಣೆಯಲ್ಲಿವೆ. 1959ರ ಸ್ಮಾರಕ ನಿಯಮಗಳ 8ನೆಯ ನಿಯಮದ ಪ್ರಕಾರ ಸ್ಮಾರಕದ ನಿರ್ವಹಣೆಗಲ್ಲದೆ ಬೇರಾವ ಕಾರಣಕ್ಕೂ ಪ್ರಾಣಿಯನ್ನು ಒಳಗೆ ತರುವಂತಿಲ್ಲ. ಅಲ್ಲಿನ ಆಚಾರ, ರೂಢಿಗಳನ್ನು ಮೀರುವಂತೆಯೂ ಇಲ್ಲ. ನಾಗಬನಕ್ಕೆ ಚಪ್ಪಲಿ ಕಳಚಿ ಹೋಗುವ ನಮಗೆ ಎರಡನೆಯ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ನಾಯಿಯ ಹಿತದೃಷ್ಟಿಯಿಂದಲೂ ಈ ನಿಯಮ ಒಳ್ಳೆಯದು. ಮಾರ್ಚ್ ಬಿಸಿಲಿಗೆ ಕಾದ ಬಂಡೆ ಅದರ ಅಂಗಾಲನ್ನು ಸುಡುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗಲಾರದು. ಏದುಸಿರೇ ಅದರ ಮುಖ್ಯ ಉಪಾಯ, ಕರಾವಳಿಯ ತೇವದ ಸೆಕೆಯಲ್ಲಿ ಆ ಉಪಾಯವೂ ಸೋಲುತ್ತದೆ. ಹಾಗೆಂದು ಅದನ್ನು ಮುಚ್ಚಿದ ಕಾರಿನಲ್ಲಿ ಕೂಡಿಹಾಕಿ ಬೆಟ್ಟ ಹತ್ತುವುದು ಇನ್ನೂ ದೊಡ್ಡ ಕ್ರೌರ್ಯ.

ನಾಯಿಯೊಡನೆ ತಿರುಗಾಡಲು ಸ್ಥಳವೇ ಇಲ್ಲವೇ? ಇದೆ. 1901ರ ದೀಪಸ್ತಂಭವಿರುವ ಕಾಪುವಿನ ಕಡಲತೀರ ರಾಷ್ಟ್ರೀಯ ಉದ್ಯಾನವಲ್ಲ. ಜನಸಂದಣಿಯಿಲ್ಲದ ಮುಂಜಾನೆ, ಹಗ್ಗ ಹಿಡಿದು, ಹೇಲನ್ನು ಎತ್ತಿ ಒಯ್ಯುವ ಸಿದ್ಧತೆಯೊಡನೆ ಅಲ್ಲಿ ನಡೆದರೆ ಯಾರಿಗೂ ತೊಂದರೆಯಿಲ್ಲ. ಆದರೆ ಅದೇ ಕಾಪು ತಾಲೂಕಿನ ಪಡುಬಿದ್ರಿಯಲ್ಲಿ, 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಪಡೆದ ಕಡಲತೀರಕ್ಕೆ, ನಾಯಿ ಮೊದಲಾದ ಸಾಕುಪ್ರಾಣಿಗಳ ಪ್ರವೇಶವನ್ನು ಬಿಗಿಯಾಗಿ ನಿಯಂತ್ರಿಸುವುದು ಆ ಮಾನ್ಯತೆಯ ಷರತ್ತುಗಳಲ್ಲೊಂದು. ಕಡಲಾಮೆಗಳು ಮೊಟ್ಟೆಯಿಡುವ ತೀರದಲ್ಲಂತೂ ಆ ಋತು ಮುಗಿಯುವವರೆಗೆ ನಾಯಿ ಸುಳಿಯಬಾರದು. ಮರಳು ಕೆದಕುವುದು ಅದರ ಸ್ವಭಾವ.

ಹಳ್ಳಿಯ ನಾಯಿಯ ಮಾತು

ಇಲ್ಲಿಯವರೆಗಿನದು ಪ್ರವಾಸಿಗೆ. ಮುಂದಿನದು ನಮಗೆ ಮತ್ತು ಸರಕಾರಕ್ಕೆ.

ಘಟ್ಟದ ರೈತನಿಗೆ ನಾಯಿ ಶೋಕಿಯಲ್ಲ, ಕೃಷಿಯ ಸಾಧನ. ಗದ್ದೆಗೆ ಹಂದಿ ಇಳಿಯದಂತೆ, ತೋಟಕ್ಕೆ ಮಂಗನ ಹಿಂಡು ಬೀಳದಂತೆ, ಹಟ್ಟಿಯ ಬಳಿ ಚಿರತೆ ಸುಳಿದರೆ ತಿಳಿಯುವಂತೆ ಎಚ್ಚರಿಸುವುದು ಅದೇ. ಬೆಳೆನಷ್ಟಕ್ಕೆ ಪರಿಹಾರ ಕೈಸೇರುವ ಮೊದಲು ಬೆಳೆಯನ್ನು ಕಾಯುವುದೂ ಅದೇ. ಆದ್ದರಿಂದ ಪ್ರವಾಸಿಯ ನಾಯಿಗೆ ಹೇಳಿದ ಮಾತನ್ನು ಉದ್ಯಾನದ ಒಳಗೂ ಅಂಚಿಗೂ ಬಾಳುವ ಮನೆಗಳ ಮೇಲೆ ಹಾಗೆಯೇ ಹೇರಲಾಗದು. ಕುದುರೆಮುಖದಲ್ಲಿ 2005ರ ಅಂತ್ಯದವರೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. ಆ ದಿನಗಳಲ್ಲೂ ಕಾಡಿನ ಕಾಯಿದೆಗಳ ಬಿಸಿ ತಟ್ಟುತ್ತಿದ್ದುದು ಸೌದೆ ಹೊರುವವನಿಗೆ, ದನ ಮೇಯಿಸುವವನಿಗೆ. ಪ್ರವಾಸಿಯ ನಾಯಿ ಗುಡ್ಡದ ನೆತ್ತಿಯಲ್ಲಿ ಫೋಟೋ ತೆಗೆಸಿಕೊಂಡು ಬರುವಾಗ ಹಳ್ಳಿಗನ ನಾಯಿಯ ಬಗ್ಗೆ ಮಾತ್ರ ತಕರಾರು ಎದ್ದರೆ ಕಾಯಿದೆಯ ಮೇಲಿನ ಗೌರವ ಉಳಿಯದು.

ಆದರೆ ವೈರಸ್ಸಿಗೆ ಈ ನ್ಯಾಯ ಅನ್ಯಾಯಗಳು ತಿಳಿಯವು. ವರ್ಷಕ್ಕೊಮ್ಮೆ ಬರುವ ಪ್ರವಾಸಿಯ ನಾಯಿಗಿಂತ ದಿನವೂ ಕಾಡಿನಂಚಿನಲ್ಲಿ ತಿರುಗುವ ನಮ್ಮ ನಾಯಿಯೇ ರೋಗದ ದೊಡ್ಡ ಸೇತುವೆ. ನಗರದ ನಾಯಿಗೆ ಬಹುಮಟ್ಟಿಗೆ ಲಸಿಕೆಯಾಗಿರುತ್ತದೆ. ನಮ್ಮ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆಯಾಗಿದ್ದರೂ ಡಿಸ್ಟೆಂಪರ್ ಲಸಿಕೆ ಅಪರೂಪ. ಈ ಸತ್ಯವನ್ನು ಮುಚ್ಚಿಟ್ಟು ಪ್ರವಾಸಿಯನ್ನು ದೂರುವುದು ಪ್ರಾಮಾಣಿಕವಲ್ಲ.

ಕಾಯಿದೆಯಲ್ಲೇ ಇದಕ್ಕೆ ದಾರಿಯ ಗುರುತಿದೆ. ವನ್ಯಜೀವಿ ಕಾಯಿದೆಗೆ 1991ರಲ್ಲಿ ಸೇರಿಸಿದ 33ಎ ಕಲಮಿನ ಪ್ರಕಾರ ಅಭಯಾರಣ್ಯದ ಒಳಗೂ ಅದರಿಂದ ಐದು ಕಿ.ಮೀ. ಒಳಗೂ ಇರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ವಿರುದ್ಧ ಲಸಿಕೆ ಹಾಕಿಸುವ ಕ್ರಮ ಕೈಗೊಳ್ಳುವುದು ಮುಖ್ಯ ವನ್ಯಜೀವಿ ಪರಿಪಾಲಕರ ಕರ್ತವ್ಯ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಜಾನುವಾರು ಎಂಬುದರ ವ್ಯಾಖ್ಯೆಯಲ್ಲಿ ಹಸು, ಎಮ್ಮೆ, ಆಡು, ಕುರಿ, ಹಂದಿ, ಬಾತು, ಕೋಳಿಗಳ ಹೆಸರಿವೆ. ನಾಯಿಯ ಹೆಸರಿಲ್ಲ. ಕಾಡಿನ ಮಾಂಸಾಹಾರಿಗಳಿಗೆ ರೋಗ ದಾಟಿಸಬಲ್ಲ ಪ್ರಾಣಿಯೇ ಪಟ್ಟಿಯಿಂದ ಹೊರಗುಳಿದಿದೆ. ಆ ಹೆಸರನ್ನು ಸೇರಿಸಬೇಕೆಂಬುದು ನಮ್ಮ ಹಕ್ಕೊತ್ತಾಯವಾಗಬೇಕು. ತಿದ್ದುಪಡಿಗಾಗಿ ಕಾಯುತ್ತ ಕೂರಬೇಕಾಗಿಯೂ ಇಲ್ಲ: ಗ್ರಾಮ ಪಂಚಾಯತ್, ಪಶುಸಂಗೋಪನಾ ಇಲಾಖೆ, ಅರಣ್ಯ ಇಲಾಖೆ ಸೇರಿ ಮಾಳ, ನೂರಾಲ್‌ಬೆಟ್ಟು, ಈದು, ಹೆಬ್ರಿ, ನಾಡ್ಪಾಲುಗಳಂಥ ಗ್ರಾಮಗಳಲ್ಲಿ ವರ್ಷಕ್ಕೊಂದು ಶಿಬಿರ ನಡೆಸಲು ಯಾವ ಕಾಯಿದೆಯೂ ಅಡ್ಡಿಯಾಗದು. ಸೆರೆಂಗೆಟಿಯ ಸುತ್ತಲ ಹಳ್ಳಿಗಳಲ್ಲಿ ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕಿದ್ದಾರೆ. ನಮ್ಮ ಊರುಗಳಲ್ಲಿ ಅದು ಅಸಾಧ್ಯವೇ?

ಮಣಿಪಾಲದ ವಿದ್ಯಾರ್ಥಿಮಿತ್ರರಿಗೆ ಪ್ರತ್ಯೇಕವಾಗಿ ಒಂದು ಮಾತು. ಬಾಡಿಗೆ ಕೋಣೆಯಲ್ಲಿ ಪ್ರೀತಿಯಿಂದ ಸಾಕಿದ ಮರಿ, ವ್ಯಾಸಂಗ ಮುಗಿದು ಊರಿಗೆ ಹೊರಡುವಾಗ ಭಾರವಾಗುತ್ತದೆ. "ಕಾಡಿನ ಹತ್ತಿರ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತದೆ" ಎಂಬ ಭ್ರಮೆಯಲ್ಲಿ ಘಟ್ಟದ ರಸ್ತೆಯಂಚಿಗೆ ಅದನ್ನು ಇಳಿಸಿಹೋಗುವವರಿದ್ದಾರೆ; ನಮ್ಮ ಹಳ್ಳಿಗರಲ್ಲೂ ಹೆಣ್ಣುಮರಿಗಳನ್ನು ಹೀಗೆ ಬಿಟ್ಟುಬರುವವರಿಗೆ ಕೊರತೆಯಿಲ್ಲ. ಅದು ಹಸಿವಿನಿಂದ ಸಾಯುತ್ತದೆ, ಚಿರತೆಯ ಬಾಯಿಗೆ ಬೀಳುತ್ತದೆ, ಇಲ್ಲವೇ ಗುಂಪು ಕಟ್ಟಿ ಕಾಡುಪ್ರಾಣಿಗಳನ್ನು ಬೇಟೆಯಾಡುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ನಾಯಿಯೊಂದು ಹನ್ನೆರಡು ಹದಿಮೂರು ವರ್ಷಗಳ ಜವಾಬ್ದಾರಿ. ನಾಲ್ಕು ವರ್ಷದ ಪದವಿಗಿಂತ ಅದು ದೀರ್ಘವಾದುದು.

ನಾವು ಮಾಡಬೇಕಾದ್ದೇನು? ಹೋಂಸ್ಟೇ ನಡೆಸುವವರು ನಾಯಿಯೊಡನೆ ಬರುವ ಅತಿಥಿಗಳಿಂದ ಲಸಿಕೆಯ ಪುಸ್ತಕ ಕೇಳಿ ನೋಡಲಿ. ನಾಯಿ ಅಂಗಳ ದಾಟದೆಂಬ ಷರತ್ತು ಮೊದಲೇ ತಿಳಿಸಲಿ. ಚಾರಣದ ಅನುಮತಿಯನ್ನು ಆನ್‌ಲೈನ್‌ನಲ್ಲಿ ನೀಡುವ ಅರಣ್ಯ ಇಲಾಖೆ, ಸಾಕುಪ್ರಾಣಿ ತರಬಾರದೆಂಬ ಸೂಚನೆಯನ್ನು ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲೂ ಕಾಣಿಸಲಿ. ಕಾರ್ಕಳದ ಗೊಮ್ಮಟಬೆಟ್ಟದ ಬುಡದಲ್ಲಿ ನೆರಳು, ನೀರು ಇರುವ ಪುಟ್ಟ ಆಶ್ರಯವೊಂದನ್ನು ಪುರಸಭೆ ಒದಗಿಸಿದರೆ ಸ್ಥಳೀಯ ಯುವಕರಿಗೆ ಚಿಕ್ಕ ಉದ್ಯೋಗವೂ ಆದೀತು, ಕಾರಿನೊಳಗೆ ನಾಯಿ ಬೇಯುವುದೂ ತಪ್ಪೀತು. ನಾವು ಹಳ್ಳಿಗರು ನಮ್ಮ ನಾಯಿಗಳಿಗೆ ಎರಡೂ ಲಸಿಕೆ ಹಾಕಿಸೋಣ, ರಾತ್ರಿ ಗೂಡಿನಲ್ಲಿ ಕಟ್ಟೋಣ, ಬೇಡದ ಮರಿಗಳು ಹುಟ್ಟದಂತೆ ಶಸ್ತ್ರಚಿಕಿತ್ಸೆ ಮಾಡಿಸೋಣ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯ ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ತೊರೆದು ಸ್ವರ್ಗವನ್ನು ಹೊಗಲೊಪ್ಪಲಿಲ್ಲ. ನಾಯಿಯನ್ನು ಎಲ್ಲೆಡೆಗೂ ಒಯ್ಯಬೇಕೆನ್ನುವವರು ಈ ಕತೆಯನ್ನು ತಮ್ಮ ಪರವಾಗಿ ಹೇಳುವುದುಂಟು. ಆದರೆ ಅವನು ಬಾಗಿಲು ಮುರಿದು ಒಳನುಗ್ಗಲಿಲ್ಲ. ನಾಯಿಗಿಲ್ಲದ ಸ್ವರ್ಗ ತನಗೂ ಬೇಡವೆಂದು ಹೊರಗೇ ನಿಂತ. ನಾಯಿಯನ್ನು ಬಿಟ್ಟಿರಲಾರದವರು ಕುದುರೆಮುಖವನ್ನು ಇನ್ನೊಂದು ದಿನ ನೋಡಲಿ. ಬೆಟ್ಟ ಅಲ್ಲೇ ಇರುತ್ತದೆ. ಅದರ ಹುಲ್ಲುಗಾವಲಿನಲ್ಲಿ ಸೀಳುನಾಯಿಯ ಹಿಂಡು ಇರುತ್ತದೆಯೇ ಎಂಬುದು ಮಾತ್ರ ನಮ್ಮ ನಡವಳಿಕೆಯನ್ನು ಅವಲಂಬಿಸಿದೆ.